ಕವಲುದಾರಿಯಲ್ಲಿ ಕಂಬ ನಿಂತ ಮಧ್ಯಾಹ್ನ

ನನ್ನದು ಕುವೆಂಪುನಗರದಲ್ಲಿ ಒಂದು ಸಣ್ಣ ಕನ್ನಡಕದ ಅಂಗಡಿ. ಇಪ್ಪತ್ತು ವರ್ಷಕ್ಕೂ ಹೆಚ್ಚಾಯಿತು, ಬೆಳಗಿನಿಂದ ಸಂಜೆಯವರೆಗೆ ಜನರ ಕಣ್ಣು ನೋಡುವುದೇ ಕೆಲಸ. ಹಾಗಾಗಿ ಯಾರಾದರೂ ತಾವು ಕಂಡ ಅತಿಮಾನುಷ ಸಂಗತಿಗಳನ್ನು ಹೇಳಲು ಕೂತರೆ ನಾನು ಮುಖ ಗಂಭೀರ ಮಾಡಿಕೊಂಡು, ಕಣ್ಣು ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು ಎಂದು ಕೇಳುತ್ತಿದ್ದೆ. ಸುತ್ತ ಇದ್ದವರು ನಗುತ್ತಿದ್ದರು. ಹೇಳಲು ಕೂತವರು ಅಲ್ಲಿಗೇ ನಿಲ್ಲಿಸುತ್ತಿದ್ದರು. ನನ್ನ ಸೋದರಮಾವನ ಮಗನೊಬ್ಬ ಇದೇ ಕಾರಣಕ್ಕೆ ಒಂದು ವರ್ಷ ನನ್ನ ಹತ್ತಿರ ಮಾತು ಬಿಟ್ಟಿದ್ದ. ಈಗ ಆ ಪ್ರಶ್ನೆಯನ್ನು ನಾನು ಯಾರಿಗೂ ಕೇಳುವುದಿಲ್ಲ.

ನಂಬಿ ಎಂದು ನಿಮ್ಮನ್ನು ಒತ್ತಾಯಿಸಲು ಇದನ್ನು ಬರೆಯುತ್ತಿಲ್ಲ. ಸ್ನೇಹಿತರಿಗೆ, ಡಾಕ್ಟರಿಗೆ, ಆಸ್ಪತ್ರೆಯಲ್ಲಿ ಹೇಳಿಕೆ ಬರೆದುಕೊಂಡ ಪೊಲೀಸಿನವರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ. ಪ್ರತಿ ಸಲವೂ ಏನೋ ಒಂದನ್ನು ಬಿಟ್ಟು ಹೇಳಿದ್ದೇನೆ. ಒಂದು ಸಲವಾದರೂ ಬಿಡದೆ ಹೇಳಬೇಕು ಎನ್ನುವುದಷ್ಟೇ ನನ್ನ ಉದ್ದೇಶ.

ನಾವು ಆರು ಜನ. ಎಲ್ಲರೂ ನಲವತ್ತು ದಾಟಿದವರು, ಒಬ್ಬಿಬ್ಬರು ಐವತ್ತರ ಹತ್ತಿರ. ಭಾನುವಾರ ಬಂದರೆ ಬೈಕು ತೆಗೆದುಕೊಂಡು ಊರ ಹೊರಗಿನ ಕಲ್ಲುಮಣ್ಣಿನ ದಾರಿಗಳಲ್ಲಿ, ಕುರುಚಲು ಗುಡ್ಡಗಳ ಮೇಲೆ ಓಡಿಸುವ ಹುಚ್ಚು. ಹೆಂಡತಿಯರು ಈ ವಯಸ್ಸಿಗೆ ಇದು ಬೇಕೇ ಎಂದು ಕೇಳಿ ಕೇಳಿ ಬಿಟ್ಟಿದ್ದರು. ನಿಜ ಹೇಳಬೇಕೆಂದರೆ ಓಡಿಸುವುದಕ್ಕಿಂತ ರಿಪೇರಿಯೇ ಹೆಚ್ಚು. ಬೆಳಿಗ್ಗೆ ಹೊರಟು ಸಂಜೆ ಬರುವಷ್ಟರಲ್ಲಿ ಯಾರದೋ ಟ್ಯೂಬು, ಯಾರದೋ ಕೇಬಲ್ಲು, ಯಾರದೋ ಬ್ರೇಕು ದಾರಿಯಲ್ಲಿ ಕೈ ಕೊಡುವುದು ಗ್ಯಾರಂಟಿ.

ರಿಪೇರಿ ಎಂದರೆ ರಾಯಪ್ಪ. ಅವನು ನನ್ನ ಹೈಸ್ಕೂಲಿನ ಸ್ನೇಹಿತ, ಕಡಕೊಳದ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ನಿರ್ವಹಣೆ ನೋಡಿಕೊಳ್ಳುವವನು. ಭಾನುವಾರ ನಸುಕಿನ ಪೂಜೆಗೆ ಹೆಂಡತಿ ರೀಟಮ್ಮನ ಜೊತೆ ಚರ್ಚಿಗೆ ಹೋಗಿ, ಅವರನ್ನು ಮನೆಗೆ ಬಿಟ್ಟು, ಅಲ್ಲಿಂದ ಸೀದಾ ನಮ್ಮ ಗುಂಪಿಗೆ ಬರುತ್ತಿದ್ದ. ಬೆನ್ನಿಗೊಂದು ಸಾಮಾನಿನ ಚೀಲ. ಚೀಲದ ಪಟ್ಟಿ ಕಿತ್ತುಹೋಗಿದ್ದಕ್ಕೆ ಹಳೆಯ ಟ್ಯೂಬಿನ ತುಂಡು ಕಟ್ಟಿದ್ದ. ಆರು ಜನರ ಬೈಕು ರಿಪೇರಿ ಮಾಡುವವನಿಗೆ ತನ್ನ ಚೀಲ ರಿಪೇರಿ ಮಾಡಿಕೊಳ್ಳಲು ಪುರುಸೊತ್ತಿಲ್ಲ ಎಂದು ನಾವು ಛೇಡಿಸುತ್ತಿದ್ದೆವು.

ಗುಂಪಿನಲ್ಲಿ ಯಾರೂ ದಾರಿ ತಪ್ಪಬಾರದು ಎಂದು ನಾವೊಂದು ಪದ್ಧತಿ ಇಟ್ಟುಕೊಂಡಿದ್ದೆವು. ವಿಜಯನಗರದ ಸೀನ ಎಲ್ಲರಿಗಿಂತ ಮುಂದೆ. ಕೊನೆಯಲ್ಲಿ ಬರುವವನು ರಾಯಪ್ಪ, ಅವನಿಗೆ 'ಬಾಲ' ಎಂದು ಹೆಸರು. ಯಾರ ಗಾಡಿ ಕೆಟ್ಟು ನಿಂತರೂ ಹಿಂದಿನಿಂದ ಬರುವ ಬಾಲದ ಕೈಗೆ ಸಿಕ್ಕೇ ಸಿಗುತ್ತದೆ. ಪ್ರತಿಯೊಂದು ತಿರುವಿನಲ್ಲಿ ಸೀನನ ಹಿಂದಿದ್ದವನು ನಿಂತು ಮಿಕ್ಕವರಿಗೆ ದಾರಿ ತೋರಿಸಬೇಕು, ಇದಕ್ಕೆ 'ಕಂಬ ನಿಲ್ಲುವುದು' ಎನ್ನುತ್ತಿದ್ದೆವು. ಕಂಬ ನಿಂತವನು ಬಾಲ ಬರುವವರೆಗೆ ಅಲ್ಲಾಡುವ ಹಾಗಿಲ್ಲ. ಬಾಲ ಬಂದ ಮೇಲೆ ಅವನ ಮುಂದೆ ಹೊರಡಬೇಕು. ಬಾಲ ಯಾವತ್ತೂ ಕಂಬವನ್ನು ದಾಟಿ ಮುಂದೆ ಹೋಗಬಾರದು. ಇಷ್ಟೇ ನಿಯಮ. ಏಳೆಂಟು ವರ್ಷ ಇದರಿಂದ ಒಬ್ಬನೂ ಕಳೆದುಹೋಗಿರಲಿಲ್ಲ.

ಐದಾರು ವರ್ಷದ ಹಿಂದಿನ ಮಾತು, ಮಾರ್ಚ್ ತಿಂಗಳ ಒಂದು ಭಾನುವಾರ. ನಂಜನಗೂಡು ರಸ್ತೆಯಲ್ಲಿ ಕಡಕೊಳ ದಾಟಿ ಮಣ್ಣಿನ ದಾರಿಗೆ ಇಳಿದೆವು. ಅವತ್ತು ಮೊದಲಿನಿಂದಲೂ ಸರಿ ಇರಲಿಲ್ಲ. ಅರ್ಧ ಗಂಟೆಯೊಳಗೆ ಒಬ್ಬನ ಹಿಂದಿನ ಚಕ್ರಕ್ಕೆ ಜಾಲಿ ಮುಳ್ಳು ಹೊಕ್ಕಿತು. ಅದನ್ನು ತೇಪೆ ಹಾಕಿ ಮುಗಿಸಿ ಒಂದು ಗುಡ್ಡ ಹತ್ತುವಷ್ಟರಲ್ಲಿ ಇನ್ನೊಬ್ಬನ ಕ್ಲಚ್ ಕೇಬಲ್ ತುಂಡಾಯಿತು. ಹನ್ನೆರಡರ ಹೊತ್ತಿಗೆ ಮೊದಲನೆಯವನದೇ ಚೈನು ಕಳಚಿ ಸಿಕ್ಕಿಹಾಕಿಕೊಂಡಿತು. ನೆರಳಿಲ್ಲದ ಬಯಲಿನಲ್ಲಿ ರಾಯಪ್ಪ ಮಂಡಿಯೂರಿ ಕೂತು ಅದನ್ನು ಬಿಡಿಸುತ್ತಿದ್ದರೆ ನಾವು ಸುತ್ತ ನಿಂತು ಸ್ಪ್ಯಾನರ್ ಕೊಡುತ್ತಿದ್ದೆವು. ಬಿಸಿಲಿಗೆ ಮೈ ಬೇಯುತ್ತಿತ್ತು. ಹಿಂದಿನ ರಾತ್ರಿ ನಮ್ಮ ನೆಂಟರ ಮದುವೆಯ ಓಡಾಟದಲ್ಲಿ ನಾನು ನಾಲ್ಕು ಗಂಟೆಯೂ ಮಲಗಿರಲಿಲ್ಲ. ಮನೆಗೆ ಹೋದರೆ ಸಾಕು ಎನ್ನಿಸಿತ್ತು.

ಚೈನು ಸರಿಹೋದ ಮೇಲೆ ರಾಯಪ್ಪ, ನೀವು ಹೊರಡಿ, ಸಾಮಾನು ತುಂಬಿಕೊಂಡು ಬರುತ್ತೇನೆ ಎಂದ. ಅವನ ಬೈಕಿನ ಗೇರ್ ಲಿವರ್ ಕಲ್ಲಿಗೆ ಬಡಿದು ಬಗ್ಗಿತ್ತು, ಅದನ್ನೂ ಸ್ವಲ್ಪ ನೆಟ್ಟಗೆ ಮಾಡಿಕೊಳ್ಳಬೇಕಿತ್ತು. ಬೆಳಗಿನಿಂದ ಎಲ್ಲರ ಕೆಲಸ ಮಾಡಿದವನ ಕೆಲಸಕ್ಕೆ ಒಬ್ಬರಾದರೂ ನಿಲ್ಲಬಹುದಿತ್ತು. ಯಾರೂ ನಿಲ್ಲಲಿಲ್ಲ. ನಾನೂ ನಿಲ್ಲಲಿಲ್ಲ.

ಅಲ್ಲಿಂದ ಮುಂದೆ ಒಂದು ಹಳ್ಳ. ನೀರು ಮೊಣಕಾಲಿನವರೆಗೂ ಇರಲಿಲ್ಲ, ಆದರೆ ನಡುವೆ ಬೈಕು ಜಾರಿ ಬಲಗಾಲು ಊರಿದ್ದಕ್ಕೆ ನನ್ನ ಶೂ ತುಂಬಾ ಕೆಸರು ನೀರು. ಹಳ್ಳ ದಾಟಿ ಒಂದು ಮೈಲಿ ಹೋದರೆ ದಾರಿ ಎರಡಾಗುತ್ತದೆ, ಅಲ್ಲೊಂದು ಹೊಂಗೆ ಮರ. ಸೀನ ಬಲಕ್ಕೆ ತಿರುಗಿದ. ಅವನ ಹಿಂದೆ ನಾನಿದ್ದೆ, ಹಾಗಾಗಿ ಕಂಬ ನಿಲ್ಲುವ ಸರದಿ ನನ್ನದು. ಮಿಕ್ಕ ಮೂವರು ಒಬ್ಬೊಬ್ಬರಾಗಿ ದಾಟಿ ಹೋದರು. ಇನ್ನು ರಾಯಪ್ಪ ಬರಬೇಕಿತ್ತು.

ಆಗ ಮಧ್ಯಾಹ್ನ ಒಂದು ಗಂಟೆ ಆಗಿದ್ದಿರಬಹುದು. ಕಂಬ ನಿಂತವನು ಹೆಲ್ಮೆಟ್ ಹಾಕಿಕೊಂಡು, ಬೈಕಿನ ಮೇಲೆ, ಹೊರಡಲು ತಯಾರಾಗಿ ಇರಬೇಕು. ನಾನು ಇಳಿದು ಮರದ ಬುಡದಲ್ಲಿ ಕೂತೆ. ಹೆಲ್ಮೆಟ್ ತೆಗೆದೆ. ಬಲಗಾಲಿನ ಶೂ ಬಿಚ್ಚಿ ನೀರು ಸುರಿದು, ಸಾಕ್ಸನ್ನು ಹಿಂಡಿ, ಬೇಗ ಒಣಗಲಿ ಎಂದು ಬಿಸಿಯಾಗಿದ್ದ ಸೈಲೆನ್ಸರ್ ಮೇಲೆ ಹಾಕಿದೆ. ಬೆನ್ನು ಮರಕ್ಕೆ ಒರಗಿತು. ಇಲ್ಲಿಯವರೆಗೆ ನನಗೆ ಯಾವ ಅನುಮಾನವೂ ಇಲ್ಲ.

ಆಮೇಲೆ ರಾಯಪ್ಪ ಬಂದ. ಇದನ್ನು ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ. ಹಳ್ಳದ ಕಡೆಯಿಂದ ಬಂದ, ಮೈಮೇಲೆ ಅದೇ ಮಾಸಿದ ನೀಲಿ ಅಂಗಿ, ಬೆನ್ನಿಗೆ ಟ್ಯೂಬು ಕಟ್ಟಿದ ಚೀಲ. ನನ್ನ ಹತ್ತಿರ ನಿಧಾನ ಮಾಡಿದ. ಎಡಗೈ ತೆಗೆದು ನನ್ನ ಕಡೆಗೆ ಎರಡು ಸಲ ಬೀಸಿ ತೋರಿಸಿದ. ಏಳು, ಬಾ ಎನ್ನುತ್ತಿದ್ದಾನೆ ಎಂದುಕೊಂಡೆ. ನಿಲ್ಲಿಸದೆ ಬಲಕ್ಕೆ ತಿರುಗಿ ಹೋದ. ಮುಖ ಕಂಡಿತೇ ಎಂದು ಎಲ್ಲರೂ ಕೇಳುತ್ತಾರೆ. ಹೆಲ್ಮೆಟ್ ಇತ್ತು, ಕಾಣಲಿಲ್ಲ. ಇಂಜಿನ್ನಿನ ಸದ್ದು ಕೇಳಿಸಿತೇ ಎಂದೂ ಕೇಳುತ್ತಾರೆ. ಅದು ನೆನಪಿಲ್ಲ. ಬಾಲ ಕಂಬವನ್ನು ದಾಟಿ ಹೋದನಲ್ಲ, ನಿಯಮ ಮುರಿದನಲ್ಲ ಎಂದು ಒಂದು ಕ್ಷಣ ಅನ್ನಿಸಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಶೂ ಬಿಚ್ಚಿ ಕೂತವನಿಗೆ ಕಾಯುತ್ತಾ ಅವನೇಕೆ ನಿಲ್ಲಬೇಕು ಎಂದು ನಾನೇ ಸಮಾಧಾನ ಹೇಳಿಕೊಂಡೆ.

ಸುಟ್ಟ ವಾಸನೆ ಮೂಗಿಗೆ ಬಡಿದದ್ದು ಆಗ. ಸಾಕ್ಸ್ ಹಿಮ್ಮಡಿಯ ಹತ್ತಿರ ಸುಟ್ಟು ತೂತಾಗಿ ಹೊಗೆಯಾಡುತ್ತಿತ್ತು. ಅದನ್ನು ಕಡ್ಡಿಯಲ್ಲಿ ಎತ್ತಿ ಪೊದೆಗೆ ಎಸೆದು, ಬರಿಗಾಲಿಗೆ ಶೂ ಹಾಕಿಕೊಂಡು ಹೊರಟೆ.

ಕವಲಿನಿಂದ ಮುಂದೆ ನೀಲಗಿರಿ ತೋಪು, ಅದರಾಚೆ ಒಂದು ಕೆರೆ. ಏರಿಯ ಮೇಲೆ ಎಲ್ಲರೂ ಸೇರಿ ಊಟ ಮಾಡುವುದೆಂದು ಮೊದಲೇ ಮಾತಾಗಿತ್ತು. ನಾನು ಹೋದಾಗ ಅಲ್ಲಿ ನಾಲ್ಕು ಜನ ಇದ್ದರು. ರಾಯಪ್ಪ ಎಲ್ಲಿ ಎಂದು ಅವರು ನನ್ನನ್ನು ಕೇಳಿದರು, ನಾನು ಅವರನ್ನು ಕೇಳಿದೆ.

ಅವನು ನನಗಿಂತ ಮುಂದೆ ಬಂದನಲ್ಲ ಎಂದೆ. ಸೀನ ನನ್ನ ಮುಖ ನೋಡಿದ. ಬಾಲ ಹೇಗೆ ನಿನ್ನ ಮುಂದೆ ಬಂದ ಎಂದು ಕೇಳಿದ. ಕೈ ಬೀಸಿ ಹೋದ, ನಾನು ಹಿಂದೆ ಹೊರಟೆ ಎಂದಷ್ಟೇ ಹೇಳಿದೆ. ಶೂ ಬಿಚ್ಚಿ ಕೂತಿದ್ದನ್ನು ಹೇಳಲಿಲ್ಲ. ನಾಚಿಕೆಯಾಯಿತು. ನೀನೇ ಕಣ್ಣಾರೆ ನೋಡಿದೆಯಾ ಎಂದು ಸೀನ ಮತ್ತೆ ಕೇಳಿದ. ನೋಡಿದೆ ಎಂದೆ.

ನಾನು ಹೇಳಿದ ಆ ಒಂದು ಮಾತು ಮಾಡಿದ ಅನಾಹುತ ನೋಡಿ. ರಾಯಪ್ಪ ಕವಲು ದಾಟಿದ್ದಾನೆ ಎಂದಾದ ಮೇಲೆ ಹಿಂದೆ ಹುಡುಕುವ ಪ್ರಶ್ನೆಯೇ ಇರಲಿಲ್ಲ. ತೋಪಿನೊಳಗೆ ಗಾಡಿ ಜಾಡುಗಳು ಹತ್ತಾರು, ಯಾವುದೋ ಒಂದಕ್ಕೆ ನುಗ್ಗಿ ಬಿದ್ದಿರಬೇಕೆಂದು ಐದೂ ಜನ ಹರಡಿಕೊಂಡು ಹುಡುಕಿದೆವು. ಕೂಗಿದೆವು. ಫೋನು ಮಾಡಿದರೆ ಸಂಪರ್ಕಕ್ಕೆ ಸಿಗುತ್ತಿಲ್ಲ ಎನ್ನುತ್ತಿತ್ತು. ಕಟ್ಟಿಗೆ ಆರಿಸುತ್ತಿದ್ದ ಇಬ್ಬರು ಹೆಂಗಸರನ್ನು ಕೇಳಿದೆವು, ನಿಮ್ಮನ್ನು ಬಿಟ್ಟು ಬೇರೆ ಯಾವ ಗಾಡಿಯೂ ಬರಲಿಲ್ಲ ಎಂದರು. ಅವರ ಮಾತನ್ನು ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದೂವರೆ ಗಂಟೆ ಹೀಗೇ ಹೋಯಿತು.

ಕೊನೆಗೆ ಸೀನನಿಗೇ ಹೊಳೆಯಿತು. ರಾಯಪ್ಪ ಹಿಂದಿನ ವಾರವಷ್ಟೇ ಹಿಂಚಕ್ರಕ್ಕೆ ಹೊಸ ಟೈರು ಹಾಕಿಸಿದ್ದ, ಅದರ ಗುರುತು ನಮ್ಮೆಲ್ಲರದಕ್ಕಿಂತ ಬೇರೆ. ಕವಲಿಗೆ ಹಿಂದಿರುಗಿ ಬಂದು ಸೀನ ಬಗ್ಗಿ ನೆಲ ನೋಡಿದ. ಅಲ್ಲಿ ಹಿಟ್ಟಿನಂಥ ಮಣ್ಣು. ಐದು ಗಾಡಿಯ ಗುರುತು ಇತ್ತು. ಹೊಸ ಟೈರಿನ ಗುರುತು ಇರಲಿಲ್ಲ. ಮರದ ಮುಂದೆಯೂ ಇರಲಿಲ್ಲ, ಹಳ್ಳದ ಈಚೆ ದಡದಲ್ಲೂ ಇರಲಿಲ್ಲ. ಸೀನ ಎದ್ದು ನಿಂತು ನನ್ನನ್ನು ನೋಡಿ, ಬೈಕನ್ನು ಹಳ್ಳದ ಆಚೆಗೆ ತಿರುಗಿಸಿದ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ರಾಯಪ್ಪ ಸಿಕ್ಕಿದ್ದು ಹಳ್ಳದ ಆಚೆ, ಚೈನು ರಿಪೇರಿ ಮಾಡಿದ ಜಾಗದಿಂದ ಸ್ವಲ್ಪವೇ ಈಚೆ. ಹಳೆಯ ಕಲ್ಲುಕ್ವಾರಿಯ ಪಕ್ಕದ ಕೊರಕಲಿನಲ್ಲಿ ಬಿದ್ದಿದ್ದ. ಎಡಗಾಲಿನ ಮೇಲೆ ಬೈಕು. ಕಾಲು ಎರಡು ಕಡೆ ಮುರಿದಿತ್ತು, ಇಂಜಿನ್ನಿನ ಬಿಸಿಗೆ ಮೀನಖಂಡ ಸುಟ್ಟಿತ್ತು. ಹೆಲ್ಮೆಟ್ ಸೀಳಿತ್ತು. ನೀರಿನ ಬಾಟಲಿ ಅವನ ಕೈಗೆ ಸಿಗದಷ್ಟು ದೂರದಲ್ಲಿ ಬಿದ್ದಿತ್ತು. ಮೂರು ಗಂಟೆಗೂ ಹೆಚ್ಚು ಹೊತ್ತು ಆ ಬಿಸಿಲಿನಲ್ಲಿ ಬಿದ್ದಿದ್ದಾನೆ. ಉಸಿರಾಡುತ್ತಿದ್ದ, ಮಾತಿಲ್ಲ. ಐದೂ ಜನ ಸೇರಿ ಬೈಕು ಎತ್ತಿ ಅವನನ್ನು ಹೊರಗೆ ತೆಗೆದೆವು.

ಟ್ರಾಕ್ಟರಿನಲ್ಲಿ ರಸ್ತೆಗೆ ತಂದು, ಅಲ್ಲಿಂದ ಮೈಸೂರಿನ ಆಸ್ಪತ್ರೆಗೆ ಸೇರಿಸಿದೆವು. ಬೇಗ ತಂದಿದ್ದರೆ ಕಾಲು ಇಷ್ಟು ಕೆಡುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದು ಸೀನನಿಗೆ, ಕೇಳಿಸಿಕೊಂಡಿದ್ದು ಗೋಡೆಗೆ ಒರಗಿ ನಿಂತಿದ್ದ ನಾನು. ಜೀವ ಉಳಿಯಿತು. ಮೂರು ಆಪರೇಷನ್ ಆದವು. ಮಂಡಿ ಈಗಲೂ ಮಡಚುವುದಿಲ್ಲ.

ಒಂದು ವಾರದ ಮೇಲೆ ಅವನಿಗೆ ಸರಿಯಾಗಿ ಮಾತಾಡುವಷ್ಟು ಶಕ್ತಿ ಬಂತು. ನಾನು ಹಾಸಿಗೆಯ ಪಕ್ಕದಲ್ಲಿ ಕೂತು ತಪ್ಪು ಒಪ್ಪಿಕೊಳ್ಳಲು ಮಾತು ಹುಡುಕುತ್ತಿದ್ದೆ. ರೀಟಮ್ಮ ಬಾಗಿಲ ಹತ್ತಿರ ಹಣ್ಣು ಹೆಚ್ಚುತ್ತಿದ್ದರು. ನನಗಿಂತ ಮೊದಲು ಅವನೇ ಬಾಯಿ ಬಿಟ್ಟ. ಅವನ ಮುಖದಲ್ಲಿ ಸಣ್ಣ ನಗು ಇತ್ತು.

"ಸಾಕ್ಸ್ ಸುಡ್ತಾ ಐತೆ ನೋಡ್ಕೊಳೋ ಅಂತ ಕೈ ತೋರ್ಸುದ್ರೆ, ನೀನು ಸುಮ್ನೆ ನನ್ನೇ ನೋಡ್ತಾ ಕೂತ್ಬುಟ್ಟಿದ್ಯಲ್ಲೋ. ಸೈಲೆನ್ಸರ್ ಮೇಲೆ ಯಾರಾದ್ರೂ ಒಣಗಾಕ್ತಾರೇನೋ?"

ಸಾಕ್ಸಿನ ಸಂಗತಿ ನಾನು ಯಾರಿಗೂ ಹೇಳಿರಲಿಲ್ಲ. ಅವನ ನೆನಪಿನಲ್ಲಿ ಎಲ್ಲವೂ ಸರಿಯಾಗಿ ಇತ್ತು. ಸಾಮಾನು ತುಂಬಿಕೊಂಡು ಹೊರಟನಂತೆ, ಹಳ್ಳ ದಾಟಿದನಂತೆ, ಹೊಂಗೆ ಮರದ ಕೆಳಗೆ ನಾನು ಬರಿಗಾಲಿನಲ್ಲಿ ಕೂತಿದ್ದನ್ನು ಕಂಡು ಕೈ ತೋರಿಸಿ ಮುಂದೆ ಹೋದನಂತೆ. ಅಲ್ಲಿಂದಾಚೆಗೆ ಏನೂ ನೆನಪಿಲ್ಲ. ಕಣ್ಣು ಬಿಟ್ಟರೆ ಕೊರಕಲಿನಲ್ಲಿದ್ದ. ಅದು ಹಳ್ಳದ ಆಚೆಯ ಕೊರಕಲು ಎಂದರೆ ಅವನು ನಂಬಲೇ ಇಲ್ಲ. ಹಣ್ಣು ಹೆಚ್ಚುತ್ತಿದ್ದ ರೀಟಮ್ಮನ ಕೈ ನಿಂತಿತ್ತು.

ನೀವು ಏನು ಹೇಳುತ್ತೀರೆಂದು ನನಗೆ ಗೊತ್ತು. ಅಷ್ಟು ದಣಿದಿದ್ದವನು ಮರಕ್ಕೆ ಒರಗಿದ ಕೂಡಲೇ ನಿದ್ದೆ ಹೋದ, ಕನಸು ಕಂಡ, ನಿದ್ದೆ ಹೋಗಿದ್ದಕ್ಕೇ ಸಾಕ್ಸ್ ಸುಟ್ಟಿತು. ಇದನ್ನು ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಹಾಗಾದರೆ ನನ್ನ ಕನಸು ಅವನಿಗೆ ಹೇಗೆ ಗೊತ್ತಾಯಿತು? ಆಸ್ಪತ್ರೆಯಲ್ಲಿ ಕಾಯುತ್ತಿದ್ದಾಗ ನಾನು ಶೂ ಬಿಚ್ಚಿದ್ದೆ, ಒಂದು ಕಾಲಿಗೆ ಸಾಕ್ಸ್ ಇಲ್ಲದ್ದನ್ನು ಸೀನ ನೋಡಿರಬಹುದು, ರಾಯಪ್ಪನಿಗೆ ಹೇಳಿರಬಹುದು. ಆದರೆ ಸೈಲೆನ್ಸರು? ತಲೆಗೆ ಪೆಟ್ಟು ಬಿದ್ದವರಿಗೆ ಆಗದ್ದು ಆದ ಹಾಗೆ ನೆನಪಿರುತ್ತದೆ ಎಂದು ಡಾಕ್ಟರು ಹೇಳಿದರು. ನನ್ನ ತಲೆಗೆ ಯಾವ ಪೆಟ್ಟೂ ಬಿದ್ದಿರಲಿಲ್ಲ. ಊರಿಗೆಲ್ಲ ಹೇಳುತ್ತಿದ್ದವನು, ನಾನೂ ಒಂದು ದಿನ ಅಂಗಡಿ ಮುಚ್ಚಿ, ಪರಿಚಯದ ಕಣ್ಣಿನ ಡಾಕ್ಟರ ಹತ್ತಿರ ಕಣ್ಣು ತೋರಿಸಿಕೊಂಡು ಬಂದೆ. ಏನೂ ತೊಂದರೆ ಇರಲಿಲ್ಲ.

ನಾಲ್ಕೈದು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ರೀಟಮ್ಮ ಅಂಗಡಿಗೆ ಬಂದರು. ಓದುವ ಕನ್ನಡಕ ಬೇಕು ಎಂದರು. ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿ ಅಕ್ಷರ ಓದಿಸಿದರೆ ಅವರಿಗೆ ಕನ್ನಡಕದ ಅಗತ್ಯವೇ ಇರಲಿಲ್ಲ. ಹಾಗೆಂದು ಹೇಳಿದೆ. ಅವರು ಕುರ್ಚಿಯಿಂದ ಏಳಲಿಲ್ಲ. ತುಂಬಾ ಬಡವಾಗಿದ್ದರು. ರಾತ್ರಿ ಎರಡು ಮೂರು ಸಲ ಎದ್ದು ಗಂಡ ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ನೋಡುತ್ತಾರಂತೆ. ಅವನು ಮನೆಗೆ ಬಂದವರಿಗೆಲ್ಲ ಹೊಂಗೆ ಮರದ ಕಥೆಯನ್ನು ನಗುತ್ತಾ ಹೇಳುತ್ತಾನಂತೆ. ಚರ್ಚಿನ ಗುರುಗಳ ಹತ್ತಿರ ಹೇಳಿಕೊಂಡರೆ ಪ್ರಾರ್ಥನೆ ಮಾಡಮ್ಮ ಎಂದರಂತೆ. ಮಾಡಿದ್ದಾರೆ, ಭಯ ಹೋಗಿಲ್ಲ.

"ಅವತ್ತು ನಿಮ್ ಮುಂದೆ ಹೋದೋರು ಯಾರು ಅಣ್ಣ? ಮನೇಲಿರೋರು ಯಾರು?" ಎಂದರು. "ನನ್ ಕೈಲಿ ಆಗ್ತಿಲ್ಲ. ನಿದ್ದೆ ಬಂದ್ಬುಟ್ಟಿತ್ತು ಅಂತ ಒಂದು ಮಾತು ಹೇಳ್ಬುಡಿ. ನಿದ್ದೆ ಮಾಡ್ದೋರ್ನ ನಾನು ಕ್ಷಮಿಸ್ತೀನಿ."

ನಾನು ಅಕ್ಷರದ ಹಲಗೆಯ ದೀಪ ಆರಿಸಿದೆ. ಅವರು ಕಾಯುತ್ತಿದ್ದರು. ಅವರ ಗಂಡನ ಕಾಲು ಹೋಗಲು ಕಾರಣನಾದವನ ಮುಂದೆ ಕೂತು ಆ ಹೆಂಗಸು ಕೇಳುತ್ತಿದ್ದದ್ದು ಒಂದೇ ಒಂದು ಮಾತು.

"ನಿದ್ದೆ ಬಂದ್ಬುಟ್ಟಿತ್ತು ಕಣಮ್ಮ," ಎಂದೆ.

ಅವರು ಬಹಳ ಹೊತ್ತು ಅತ್ತರು. ಮೂರು ಗಂಟೆ ಬಿಸಿಲಲ್ಲಿ ಬಿದ್ದಿದ್ರಲ್ಲ ಅಣ್ಣ ಎಂದು ಒಮ್ಮೆ ಹೇಳಿದರು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಆಗಲಿ ಬಿಡಿ, ಭಾನುವಾರ ಮನೆ ಕಡೆ ಬನ್ನಿ ಎಂದು ಹೇಳಿ ಹೋದರು. ಆವತ್ತಿನಿಂದ ಅವರಿಗೆ ರಾತ್ರಿ ನಿದ್ದೆ ಬರುತ್ತಿದೆ ಎಂದು ಸೀನನ ಹೆಂಡತಿಯಿಂದ ಗೊತ್ತಾಯಿತು. ನಾನು ನಿದ್ದೆ ಮಾಡಿದ್ದೆ, ಅದನ್ನು ಮುಚ್ಚಿಡಲು ಸುಳ್ಳು ಹೇಳಿದ್ದೆ ಎಂದು ಗುಂಪಿನವರಿಗೂ ಗೊತ್ತಾಯಿತು. ಯಾರೂ ಮುಖಕ್ಕೆ ಹೊಡೆದ ಹಾಗೆ ಏನೂ ಅನ್ನಲಿಲ್ಲ. ಭಾನುವಾರದ ಫೋನು ಬರುವುದು ನಿಂತಿತು, ಅಷ್ಟೇ. ನನಗೂ ಬೈಕು ಹತ್ತುವ ಮನಸ್ಸಿರಲಿಲ್ಲ.

ಕರೆದಿದ್ದಾರೆಂದು ಆ ಭಾನುವಾರ ರಾಯಪ್ಪನ ಮನೆಗೆ ಹೋದೆ. ಅವನು ಮುಂದಿನ ಕೋಣೆಯಲ್ಲಿ ಕಾಲು ನೀಡಿಕೊಂಡು ಕೂತಿದ್ದ. ಕಾರ್ಖಾನೆಯಲ್ಲಿ ಕೂತು ಮಾಡುವ ಕೆಲಸ ಕೊಡುತ್ತಾರಂತೆ ಎಂದ. ಬೈಕನ್ನು ತಮ್ಮನಿಗೆ ಕೊಟ್ಟುಬಿಟ್ಟೆ ಎಂದ. ರೀಟಮ್ಮ ಕಾಫಿ ತಂದಿಟ್ಟು ಒಳಗೆ ಹೋದರು. ಅವನು ಕಾಫಿ ಕುಡಿದು ಲೋಟ ಕೆಳಗಿಟ್ಟ. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದ.

"ಹಂಗಾದ್ರೆ ನೋಡಿದ್ದು ನಾನೊಬ್ನೇ ಅಂತಾಯ್ತು, ಅಲ್ವೇನೋ?"

ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಇಲ್ಲ ಕಣೋ, ನಾನೂ ನೋಡಿದ್ದೀನಿ ಎಂಬ ಮಾತು ಗಂಟಲವರೆಗೆ ಬಂತು. ಅದು ನಿಜವೋ ಅಲ್ಲವೋ ಎನ್ನುವುದು ಆಗಲೂ ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಆದರೂ ಅವನಿಗೆ ಅದೊಂದೇ ಮಾತು ಬೇಕಿತ್ತು. ನಾನು ಹೇಳಲಿಲ್ಲ. ಅಡುಗೆಮನೆಯ ಬಾಗಿಲು ತೆರೆದೇ ಇತ್ತು, ಒಳಗೆ ರೀಟಮ್ಮ ಏನೋ ಗುನುಗುತ್ತಾ ಅಕ್ಕಿ ಆರಿಸುತ್ತಿದ್ದರು.